ಬೆಳಕಿಗೂ ಒಂದು ಸರ್ವೆ

1868ರ ಆಗಸ್ಟ್ 18ರಂದು ಜಮಖಂಡಿಯಲ್ಲಿ ಸರ್ವೆ ಅಧಿಕಾರಿಯೊಬ್ಬ ಪೂರ್ಣ ಸೂರ್ಯಗ್ರಹಣಕ್ಕಾಗಿ ಕಾದು ಕುಳಿತಿದ್ದ. ಹೆಸರು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ. ಭಾರತದ ಮಹಾ ತ್ರಿಕೋನಮಿತಿ ಸರ್ವೆಯಲ್ಲಿ ನೆಲ ಅಳೆಯುವುದು ಅವನ ನಿತ್ಯದ ಕೆಲಸ. ಅಂದು ಮಾತ್ರ ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಬೆಳಕನ್ನು ಅಳೆಯುವ ಹೊಣೆ ಹೊತ್ತಿದ್ದ. ಮೋಡ ಸರಿದ ಅಲ್ಪ ಸಮಯದಲ್ಲೇ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕವನ್ನು ಸೂರ್ಯನ ಅಂಚಿನ ಜ್ವಾಲೆಯ ಕಡೆ ತಿರುಗಿಸಿದ. ಕಂಡದ್ದು ಮೂರು ಹೊಳೆಯುವ ಗೆರೆಗಳು: ಕೆಂಪು, ಕಿತ್ತಳೆ, ನೀಲಿ.

ಗುಂಟೂರಿನಲ್ಲಿ, ಮಚಲೀಪಟ್ಟಣದಲ್ಲಿ ಅದೇ ಗ್ರಹಣವನ್ನು ನೋಡಿದ ಬೇರೆ ತಂಡಗಳಿಗೂ ಇಂಥ ಗೆರೆಗಳೇ ಕಂಡವು. ಕಿತ್ತಳೆ ಗೆರೆ ಸೋಡಿಯಂನದ್ದು ಎಂದೇ ಅಂದು ನೋಡಿದ ಹಲವರು ಭಾವಿಸಿದರು. ಆಮೇಲೆ ಸೂಕ್ಷ್ಮವಾಗಿ ಅಳೆದಾಗ ಗೆರೆ ಸೋಡಿಯಂನ ಜಾಗಕ್ಕಿಂತ ಸ್ವಲ್ಪ ಪಕ್ಕದಲ್ಲಿದೆ ಎಂಬುದು ಖಚಿತವಾಯಿತು. ತರಂಗಾಂತರದ ಲೆಕ್ಕದಲ್ಲಿ ಸೋಡಿಯಂನ ಗೆರೆ ಇರುವುದು 589 ನ್ಯಾನೊಮೀಟರಿನಲ್ಲಿ, ಇದು ಇದ್ದದ್ದು 587.6ರಲ್ಲಿ. ಅಷ್ಟು ಸಣ್ಣ ವ್ಯತ್ಯಾಸದಲ್ಲಿ ಒಂದು ಹೊಸ ಮೂಲವಸ್ತುವೇ ಅಡಗಿತ್ತು. ಅದೇ ಹೀಲಿಯಂ. ಭೂಮಿಯ ಮೇಲೆ ಅದು ಸಿಕ್ಕಿದ್ದು 1895ರಲ್ಲಿ.

ಗೆರೆ ಎಲ್ಲಿದೆ ಎಂಬುದನ್ನು ಇನ್ನೊಂದು ಹಂತ ಕರಾರುವಾಕ್ಕಾಗಿ ಅಳೆದರೆ ಅಲ್ಲಿ ಹೊಸದೊಂದು ಸಂಗತಿ ಕೈಗೆ ಬರುತ್ತದೆ. ನೂರೈವತ್ತು ವರ್ಷಗಳ ರೋಹಿತಶಾಸ್ತ್ರದ ಚರಿತ್ರೆಯನ್ನು ಈ ಒಂದು ಮಾತಿನಲ್ಲಿ ಹೇಳಿ ಮುಗಿಸಬಹುದು. ಆ ಚರಿತ್ರೆಯ ಇತ್ತೀಚಿನ ಅಧ್ಯಾಯ ಶುರುವಾಗಿರುವುದು ಹತ್ತಾರು ಎಲೆಕ್ಟ್ರಾನು ಕಳೆದುಕೊಂಡ ಪರಮಾಣುಗಳನ್ನು ಹಿಡಿದು ನಿಲ್ಲಿಸಿ, ‘ಆವೃತ್ತಿ ಬಾಚಣಿಗೆ’ ಎಂಬ ಲೇಸರ್ ಸಾಧನದಿಂದ ಅವುಗಳ ಬೆಳಕನ್ನು ಅಳೆಯುವುದರಲ್ಲಿ. ಈ ಕಥೆಯಲ್ಲಿ ಕರ್ನಾಟಕದ ಪಾಲೂ ಇದೆ. ಆದರೆ ಅದು ಪಾಲಾಗಿಯೇ ಉಳಿದಿದೆ, ಪೂರ್ಣವಾಗಿಲ್ಲ.

ಕಬ್ಬಿಣದ ಹಸಿರು ಗೆರೆ

ಮರುವರ್ಷ, 1869ರ ಆಗಸ್ಟ್ 7ರಂದು, ಅಮೆರಿಕದಲ್ಲಿ ಗ್ರಹಣವಾಯಿತು. ಚಾರ್ಲ್ಸ್ ಯಂಗ್ ಮತ್ತು ವಿಲಿಯಂ ಹಾರ್ಕ್ನೆಸ್ ಬೇರೆಬೇರೆ ಕಡೆ ನಿಂತು ಸೂರ್ಯನ ಸುತ್ತಲ ಮಸುಕು ಪ್ರಭಾವಳಿಯನ್ನು, ಅಂದರೆ ಕರೋನಾವನ್ನು, ನೋಡಿದರು. ಇಬ್ಬರಿಗೂ 530.3 ನ್ಯಾನೊಮೀಟರಿನಲ್ಲಿ ಒಂದು ಹಸಿರು ಗೆರೆ ಕಂಡಿತು. ಭೂಮಿಯ ಮೇಲಿನ ಯಾವ ವಸ್ತುವಿನ ಗೆರೆಗೂ ಅದು ಹೊಂದಲಿಲ್ಲ. ಹೀಲಿಯಂನ ಕಥೆ ಕಣ್ಣೆದುರಿಗಿತ್ತು. ಇದೂ ಹೊಸ ಮೂಲವಸ್ತುವೇ ಇರಬೇಕೆಂದುಕೊಂಡು ‘ಕರೋನಿಯಂ’ ಎಂದು ಹೆಸರನ್ನೂ ಇಟ್ಟರು.

ಕರೋನಿಯಂ ಎಂಬ ವಸ್ತು ಇರಲೇ ಇಲ್ಲ. ಅದು ಗೊತ್ತಾಗಲು ಎಪ್ಪತ್ತು ವರ್ಷ ಹಿಡಿಯಿತು. 1939ರ ಸುಮಾರಿಗೆ ಜರ್ಮನಿಯ ವಾಲ್ಟರ್ ಗ್ರೋಟ್ರಿಯಾನ್, ಅದರ ಬೆನ್ನಿಗೆ ಸ್ವೀಡನ್ನಿನ ಬೆಂಗ್ಟ್ ಎಡ್ಲೆನ್ ಉತ್ತರ ಕಂಡುಕೊಂಡರು. ಆ ಗೆರೆ ನಮ್ಮ ನೇಗಿಲ ಗುಳದಲ್ಲಿರುವ ಕಬ್ಬಿಣದ್ದೇ. ಆದರೆ ಆ ಕಬ್ಬಿಣದ ಪರಮಾಣು ತನ್ನ 26 ಎಲೆಕ್ಟ್ರಾನುಗಳಲ್ಲಿ 13ನ್ನು ಕಳೆದುಕೊಂಡಿತ್ತು.

ಪರಮಾಣುವಿನಲ್ಲಿ ನಡುವೆ ಧನ ಆವೇಶದ ನ್ಯೂಕ್ಲಿಯಸ್, ಸುತ್ತ ಅಷ್ಟೇ ಋಣ ಆವೇಶದ ಎಲೆಕ್ಟ್ರಾನುಗಳು. ಒಂದೆರಡು ಎಲೆಕ್ಟ್ರಾನು ಹೋದರೆ ಅದು ಅಯಾನು. ಉಪ್ಪು ನೀರಿನಲ್ಲಿ ಕರಗಿದಾಗ ನಮ್ಮ ಅಡುಗೆಮನೆಯಲ್ಲೇ ಅಯಾನುಗಳಿರುತ್ತವೆ. ಹತ್ತು, ಹದಿಮೂರು, ಇಪ್ಪತ್ತು ಎಲೆಕ್ಟ್ರಾನು ಹೋದರೆ ಅದು ಅತಿ ಆವಿಷ್ಟ ಅಯಾನು. ಒಂದೊಂದು ಎಲೆಕ್ಟ್ರಾನು ಹೋದಂತೆ ಉಳಿದವುಗಳ ಮೇಲೆ ನ್ಯೂಕ್ಲಿಯಸ್ಸಿನ ಹಿಡಿತ ಬಿಗಿಯಾಗುತ್ತದೆ. ಹಾಗಾಗಿ ಮುಂದಿನದನ್ನು ಕೀಳಲು ಇನ್ನೂ ಹೆಚ್ಚು ಶಕ್ತಿ ಬೇಕು. ಎಷ್ಟು ಶಾಖಕ್ಕೆ ಎಷ್ಟು ಪರಮಾಣುಗಳು ಎಲೆಕ್ಟ್ರಾನು ಕಳೆದುಕೊಳ್ಳುತ್ತವೆ ಎಂದು ಲೆಕ್ಕ ಹಾಕುವ ಸಮೀಕರಣವನ್ನು 1920ರಲ್ಲಿ ಕೊಟ್ಟವರು ನಮ್ಮ ಮೇಘನಾದ ಸಾಹಾ. ನಕ್ಷತ್ರಗಳ ಬೆಳಕನ್ನು ಓದುವ ವಿದ್ಯೆಗೆ ಬುನಾದಿಯಾದದ್ದು ಆ ಸಮೀಕರಣ.

ಕಬ್ಬಿಣ 13 ಎಲೆಕ್ಟ್ರಾನು ಕಳೆದುಕೊಳ್ಳಬೇಕಾದರೆ ಹತ್ತು ಲಕ್ಷ ಡಿಗ್ರಿಗೂ ಮೀರಿದ ಶಾಖ ಬೇಕು. ಸೂರ್ಯನ ಮೈ ಇರುವುದು ಸುಮಾರು 5,500 ಡಿಗ್ರಿಯಲ್ಲಿ. ಮೈಗಿಂತ ಮೈಯ ಸುತ್ತಲಿನ ಪ್ರಭಾವಳಿ ನೂರಾರು ಪಟ್ಟು ಬಿಸಿ ಎಂಬ ವಿಚಿತ್ರ ಸತ್ಯ ಹೊರಬಿದ್ದದ್ದು ಹೀಗೆ, ಒಂದು ಹಸಿರು ಗೆರೆಯಿಂದ. ಅದು ಅಷ್ಟು ಬಿಸಿಯಾಗುವುದು ಹೇಗೆ ಎಂಬುದು ಈಗಲೂ ಪೂರ್ತಿ ಬಗೆಹರಿದಿಲ್ಲ.

ಆ ಗೆರೆಗೆ ಇನ್ನೊಂದು ಗುಣವಿದೆ. ಪರಮಾಣುಗಳು ಸಾಮಾನ್ಯವಾಗಿ ಸೆಕೆಂಡಿನ ಹತ್ತು ಕೋಟಿಯ ಒಂದು ಭಾಗದಷ್ಟು ಹೊತ್ತಿನಲ್ಲಿ ತಮ್ಮ ಬೆಳಕನ್ನು ಕಕ್ಕಿಬಿಡುತ್ತವೆ. ಈ ಕಬ್ಬಿಣದ ಅಯಾನು ಮಾತ್ರ ಸೆಕೆಂಡಿನ ಅರವತ್ತನೆಯ ಒಂದು ಭಾಗದಷ್ಟು ಕಾಲ ಶಕ್ತಿಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಪರಮಾಣು ಲೋಕದಲ್ಲಿ ಅದು ಒಂದು ಯುಗ. ಒತ್ತಾದ ಅನಿಲದಲ್ಲಿ ಅಷ್ಟರೊಳಗೆ ಬೇರೆ ಕಣ ಬಂದು ಗುದ್ದಿ ಶಕ್ತಿಯನ್ನು ಕಸಿದುಬಿಡುತ್ತದೆ. ಪ್ರಭಾವಳಿ ತೀರಾ ತೆಳುವಾದ್ದರಿಂದ ಅಲ್ಲಿ ಗೆರೆ ಕಾಣುತ್ತದೆ. ಬೆಳಕು ಬಿಡಲು ಹೆಚ್ಚು ಹೊತ್ತು ತೆಗೆದುಕೊಂಡಷ್ಟೂ ಅದರ ಗೆರೆ ಸಣ್ಣಗಿರುತ್ತದೆ. ಗೆರೆ ಸಣ್ಣಗಿದ್ದಷ್ಟೂ ಅದರ ಜಾಗವನ್ನು ಖಚಿತವಾಗಿ ಹೇಳಬಹುದು. ಪರಮಾಣುವಿನ ಬೆಳಕಿನ ಕಂಪನವನ್ನೇ ಎಣಿಸಿ ಗಡಿಯಾರ ಕಟ್ಟುವವರಿಗೆ ಬೇಕಾದದ್ದು ಇದೇ ಗುಣ.

ಹೊಸಕೋಟೆಯಲ್ಲಿ ಕಟ್ಟಿದ ಕಣ್ಣು

1980ರ ಫೆಬ್ರವರಿ 16ರ ಪೂರ್ಣಗ್ರಹಣ ಹಳಬರಿಗೆ ನೆನಪಿರಬಹುದು. ಉತ್ತರ ಕನ್ನಡದಿಂದ ಹುಬ್ಬಳ್ಳಿ, ರಾಯಚೂರಿನವರೆಗೆ ಹಾದುಹೋದ ಪಟ್ಟಿಯಲ್ಲಿ ಹಗಲು ಕತ್ತಲಾಯಿತು. ಜನ ಬಾಗಿಲು ಹಾಕಿಕೊಂಡು ಮನೆಯೊಳಗಿದ್ದ ಹೊತ್ತಿನಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಬಯಲಿನಲ್ಲಿ ಶಿಬಿರ ಹೂಡಿದ್ದರು. ಒಂಬತ್ತು ಎಲೆಕ್ಟ್ರಾನು ಕಳೆದುಕೊಂಡ ಕಬ್ಬಿಣ ಬಿಡುವ 637.4 ನ್ಯಾನೊಮೀಟರಿನ ಕೆಂಪು ಗೆರೆಯನ್ನು ಆ ಗ್ರಹಣದಲ್ಲಿ ಅಳೆದರು. ಜಗದೇವ್ ಸಿಂಗ್, ಸಂಸ್ಥೆಯ ಸ್ಥಾಪಕರಾದ ವೈನು ಬಾಪು ಮತ್ತು ಸಂಗಡಿಗರು ಆ ಅಳತೆಗಳನ್ನು 1982ರಲ್ಲಿ ಪ್ರಕಟಿಸಿದರು.

ಗ್ರಹಣಕ್ಕೆ ಕಾಯುವುದೆಂದರೆ ವರ್ಷಗಟ್ಟಲೆ ಕಾದು ಒಂದೆರಡು ನಿಮಿಷ ನೋಡುವುದು. ಅದರ ಬದಲು ಸೂರ್ಯಬಿಂಬವನ್ನು ದೂರದರ್ಶಕದೊಳಗೇ ಮರೆಮಾಡಿ, ಗ್ರಹಣವಿಲ್ಲದ ದಿನವೂ ಪ್ರಭಾವಳಿಯನ್ನು ನೋಡಬಹುದು. ಪ್ರಭಾವಳಿಯ ಬೆಳಕು ಬಿಂಬದ ಬೆಳಕಿನ ಹತ್ತು ಲಕ್ಷದ ಒಂದು ಪಾಲಿನಷ್ಟೇ ಇರುವುದರಿಂದ ಕನ್ನಡಿಯ ಮೇಲೆ ಒಂದು ಧೂಳಿನ ಕಣವಿದ್ದರೂ ಕೆಲಸ ಕೆಡುತ್ತದೆ. ಇಂಥ ಉಪಕರಣವನ್ನು ಖಭೌತ ಸಂಸ್ಥೆ ಹೊಸಕೋಟೆಯ ತನ್ನ ಕೇಂದ್ರದ ಸ್ವಚ್ಛಕೋಣೆಯಲ್ಲಿ ಜೋಡಿಸಿ, 2023ರ ಜನವರಿ 26ರಂದು ಇಸ್ರೋಗೆ ಒಪ್ಪಿಸಿತು. ಅದೇ ವರ್ಷ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ನೌಕೆಯಲ್ಲಿ ಅದು ಶ್ರೀಹರಿಕೋಟಾದಿಂದ ಮೇಲೆದ್ದಿತು. 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆ ಸೇರಿತು.

ಆದಿತ್ಯನಲ್ಲಿರುವ ಏಳು ಉಪಕರಣಗಳಲ್ಲಿ ದೊಡ್ಡದು ಇದೇ. ಇದು ಗಮನಿಸುವ ಮೂರು ಗೆರೆಗಳೂ ಕಬ್ಬಿಣದವು: ಹದಿಮೂರು ಎಲೆಕ್ಟ್ರಾನು ಹೋದ ಕಬ್ಬಿಣದ 530.3, ಹತ್ತು ಹೋದದ್ದರ 789.2, ಹನ್ನೆರಡು ಹೋದದ್ದರ 1074.7 ನ್ಯಾನೊಮೀಟರ್. ಅಂದರೆ ಕನ್ನಡನಾಡಿನಲ್ಲಿ ಕಟ್ಟಿದ ಒಂದು ಕಣ್ಣು ಈ ಹೊತ್ತು ಅತಿ ಆವಿಷ್ಟ ಅಯಾನುಗಳ ರೋಹಿತವನ್ನೇ ನೋಡುತ್ತಿದೆ.

ಆದರೆ ಸೂರ್ಯನಲ್ಲಿ ಆ ಅಯಾನುಗಳು ಸುಮ್ಮನೆ ನಿಂತಿರುವುದಿಲ್ಲ. ಆ ಶಾಖದಲ್ಲಿ ಸೆಕೆಂಡಿಗೆ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ದಿಕ್ಕುದಿಕ್ಕಿಗೆ ಓಡುತ್ತಿರುತ್ತವೆ. ನಮ್ಮ ಕಡೆ ಬರುವುದರ ಬೆಳಕು ನೀಲಿಯತ್ತ, ದೂರ ಹೋಗುವುದರದ್ದು ಕೆಂಪಿನತ್ತ ಸರಿಯುತ್ತದೆ. ಎಲ್ಲ ಸೇರಿ ಗೆರೆ ದಪ್ಪವಾಗುತ್ತದೆ. ಸೌರವಿಜ್ಞಾನಿಗೆ ಆ ದಪ್ಪವೇ ಸುದ್ದಿ. ಅದರಿಂದ ಶಾಖವನ್ನೂ ವೇಗವನ್ನೂ ತಿಳಿಯುತ್ತಾನೆ. ಗಡಿಯಾರ ಕಟ್ಟುವವನಿಗೆ ಅದೇ ದಪ್ಪ ಶತ್ರು. ಅವನಿಗೆ ಅಯಾನು ಬೇಕು, ಅದರ ಶಾಖ ಬೇಡ.

ಒಂದು ಅಯಾನನ್ನು ತಣ್ಣಗಾಗಿಸುವುದು

ಭೂಮಿಯ ಮೇಲೆ ಇಂಥ ಅಯಾನುಗಳನ್ನು ಮಾಡುವ ಯಂತ್ರ 1980ರ ದಶಕದಲ್ಲಿ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ರೂಪುಗೊಂಡಿತು. ಬಲವಾದ ಕಾಂತಕ್ಷೇತ್ರದಲ್ಲಿ ಹಿಂಡಿ ಸಣ್ಣಗೆ ಮಾಡಿದ ಎಲೆಕ್ಟ್ರಾನು ಕಿರಣವನ್ನು ಅನಿಲದೊಳಕ್ಕೆ ಬಿಡುತ್ತಾರೆ. ಕಿರಣ ಬಡಿದು ಬಡಿದು ಪರಮಾಣುವಿನ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಕಿತ್ತುಹಾಕುತ್ತದೆ. ಉಳಿದ ಅಯಾನು ಅಲ್ಲೇ ಸಿಕ್ಕಿಬೀಳುತ್ತದೆ. ಆದರೆ ಇಲ್ಲಿಯೂ ಅವು ಲಕ್ಷಾಂತರ ಡಿಗ್ರಿಯಲ್ಲಿ ಕುದಿಯುತ್ತಿರುತ್ತವೆ. ಸೂರ್ಯನನ್ನೇ ಡಬ್ಬಿಯಲ್ಲಿ ತಂದಿಟ್ಟ ಹಾಗಾಯಿತೇ ಹೊರತು ಗೆರೆ ಸಣ್ಣಗಾಗಲಿಲ್ಲ.

ಸಾಮಾನ್ಯ ಅಯಾನುಗಳನ್ನು ಲೇಸರ್ ಬೆಳಕಿನಿಂದಲೇ ತಣ್ಣಗಾಗಿಸುವ ವಿಧಾನವಿದೆ. ಅಯಾನು ಲೇಸರಿಗೆ ಎದುರಾಗಿ ಬಂದಾಗಲೆಲ್ಲ ಬೆಳಕಿನ ಕಣ ಅದನ್ನು ಹಿಂದಕ್ಕೆ ನೂಕುತ್ತದೆ. ಇದಕ್ಕೆ ಅಯಾನು ಸೆಕೆಂಡಿಗೆ ಲಕ್ಷಾಂತರ ಸಲ ಬೆಳಕನ್ನು ಹೀರಿ ಉಗುಳಬೇಕು. ನಮಗೆ ಬೇಕಾದ ಅಯಾನು ನಿಧಾನಿ, ಅದಕ್ಕೆ ಅಷ್ಟು ಚುರುಕಿಲ್ಲ. ಗಡಿಯಾರಕ್ಕೆ ಒಳ್ಳೆಯದಾದ ಗುಣವೇ ತಣಿಸುವ ಕೆಲಸಕ್ಕೆ ಅಡ್ಡಿ.

ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿರುವ ರಾಷ್ಟ್ರೀಯ ಮಾಪನ ಸಂಸ್ಥೆ ಪಿಟಿಬಿ ಮತ್ತು ಹೈಡೆಲ್‌ಬರ್ಗ್‌ನ ಮ್ಯಾಕ್ಸ್ ಪ್ಲಾಂಕ್ ನ್ಯೂಕ್ಲಿಯರ್ ಭೌತಶಾಸ್ತ್ರ ಸಂಸ್ಥೆ ಸೇರಿ ಇದಕ್ಕೆ ದಾರಿ ಹುಡುಕಿದವು. ಪೀಟ್ ಶ್ಮಿಟ್ ಮತ್ತು ಹೋಸೆ ಕ್ರೆಸ್ಪೋ ಲೋಪೆಸ್-ಉರ್ರುಟಿಯಾ ಅವರ ತಂಡಗಳು ಆರಿಸಿಕೊಂಡದ್ದು ಆರ್ಗಾನ್ ಅನಿಲವನ್ನು. ಅದರ 18 ಎಲೆಕ್ಟ್ರಾನುಗಳಲ್ಲಿ 13ನ್ನು ಕಿತ್ತರು, ಉಳಿದದ್ದು ಐದು. ಅದು 441 ನ್ಯಾನೊಮೀಟರಿನಲ್ಲಿ ನೇರಳೆ-ನೀಲಿ ಬೆಳಕಿಗೆ ಸ್ಪಂದಿಸುತ್ತದೆ. ಸೂರ್ಯನ ಹಸಿರು ಗೆರೆಯ ಕುಲದ್ದೇ ಇದೂ. ಆವೇಶವೂ ಅಷ್ಟೇ, ಎಲೆಕ್ಟ್ರಾನಿನ ಜಿಗಿತವೂ ಅದೇ ಬಗೆಯದು, ಬೆಳಕು ಬಿಡುವ ಮೊದಲು ತಡೆದು ನಿಲ್ಲುವ ಗುಣವೂ ಅದೇ.

ಕುದಿಯುವ ಗುಂಪಿನಿಂದ ಅಯಾನನ್ನು ಹೊರಗೆ ಸೆಳೆದು, ವೇಗ ತಗ್ಗಿಸಿ, ಶೂನ್ಯಕ್ಕಿಂತ 269 ಡಿಗ್ರಿ ಕೆಳಗೆ ತಂಪು ಮಾಡಿದ ಇನ್ನೊಂದು ಬಲೆಗೆ ತಂದರು. ಅಲ್ಲಿ ಲೇಸರಿನಿಂದ ತಣಿಸಿಟ್ಟ ಬೆರಿಲಿಯಂ ಅಯಾನುಗಳಿದ್ದವು. ಬಿಸಿ ಆರ್ಗಾನ್ ಅವುಗಳ ನಡುವೆ ಬಂದು ತನ್ನ ಶಾಖವನ್ನು ಅವಕ್ಕೆ ಕೊಟ್ಟು ತಣ್ಣಗಾಯಿತು. ಕೊನೆಗೆ ಬಲೆಯಲ್ಲಿ ಉಳಿಸಿಕೊಂಡದ್ದು ಎರಡೇ: ಒಂದು ಆರ್ಗಾನ್, ಒಂದು ಬೆರಿಲಿಯಂ. ಅಷ್ಟು ತಂಪು ಬೇಕಾದದ್ದು ಚೊಕ್ಕ ನಿರ್ವಾತಕ್ಕೆ. ದಾರಿಯಲ್ಲಿ ಒಂದೇ ಒಂದು ಅನಿಲದ ಕಣ ಸಿಕ್ಕರೂ ಅತಿ ಆವಿಷ್ಟ ಅಯಾನು ಅದರ ಎಲೆಕ್ಟ್ರಾನನ್ನು ಕಸಿದುಕೊಂಡು ತನ್ನ ಸ್ವರೂಪವನ್ನೇ ಕಳೆದುಕೊಳ್ಳುತ್ತದೆ.

ಆರ್ಗಾನ್ ತನ್ನ ಸ್ಥಿತಿಯನ್ನು ತಾನೇ ಹೇಳುವಷ್ಟು ಬೆಳಕು ಬಿಡುವುದಿಲ್ಲ. ಅದಕ್ಕೆ ಬೆರಿಲಿಯಂ ಬಾಯಾಗುತ್ತದೆ. ಎರಡೂ ಧನ ಆವೇಶದವು. ಒಂದನ್ನೊಂದು ತಳ್ಳುತ್ತ ಜೊತೆಯಾಗಿ ಕಂಪಿಸುತ್ತವೆ. ಆರ್ಗಾನ್ ಲೇಸರಿನ ಬೆಳಕನ್ನು ಹೀರಿತೋ ಇಲ್ಲವೋ ಎಂಬ ಸುದ್ದಿ ಆ ಕಂಪನದ ಮೂಲಕ ಬೆರಿಲಿಯಂಗೆ ದಾಟುತ್ತದೆ. ಬೆರಿಲಿಯಂ ಮಿನುಗಿದರೆ ಒಂದು ಉತ್ತರ, ಮಿನುಗದಿದ್ದರೆ ಇನ್ನೊಂದು. ಕ್ವಾಂಟಂ ಲಾಜಿಕ್ ರೋಹಿತಮಾಪನ ಎಂಬ ಈ ವಿಧಾನ ಹುಟ್ಟಿದ್ದು ಅಮೆರಿಕದಲ್ಲಿ, 2012ರ ನೊಬೆಲ್ ಪಡೆದ ಡೇವಿಡ್ ವೈನ್‌ಲ್ಯಾಂಡ್ ಅವರ ಗುಂಪಿನಲ್ಲಿ. ಶ್ಮಿಟ್ ಆ ಗುಂಪಿನಲ್ಲಿದ್ದವರು.

2020ರಲ್ಲಿ ಪ್ರಕಟವಾದ ಈ ಪ್ರಯೋಗ ಅತಿ ಆವಿಷ್ಟ ಅಯಾನುಗಳ ಹಿಂದಿನ ಅಳತೆಗಳಿಗಿಂತ ಸುಮಾರು ಹತ್ತು ಕೋಟಿ ಪಟ್ಟು ಕರಾರುವಾಕ್ಕಾಗಿತ್ತು.

ಬೆಳಕಿನ ಸರ್ವೆ ಕಲ್ಲುಗಳು

ಗೆರೆ ಸಣ್ಣಗಾಯಿತು, ಸರಿ. ಅದು ಎಲ್ಲಿದೆ ಎಂದು ಅಷ್ಟು ನಿಖರವಾಗಿ ಹೇಳುವುದು ಹೇಗೆ? 441 ನ್ಯಾನೊಮೀಟರಿನ ಬೆಳಕು ಸೆಕೆಂಡಿಗೆ ಸುಮಾರು 680 ಲಕ್ಷ ಕೋಟಿ ಸಲ ಕಂಪಿಸುತ್ತದೆ. ಅಷ್ಟು ವೇಗವನ್ನು ನೇರವಾಗಿ ಎಣಿಸುವ ಎಲೆಕ್ಟ್ರಾನಿಕ್ ಯಂತ್ರ ಇಲ್ಲ. ನಮ್ಮ ಸೆಕೆಂಡನ್ನು ನಿರ್ಧರಿಸುವ ಸೀಸಿಯಂ ಗಡಿಯಾರದ ಲೆಕ್ಕ 919 ಕೋಟಿ 26 ಲಕ್ಷ 31 ಸಾವಿರದ 770 ಕಂಪನ. 1967ರಿಂದ ಜಗತ್ತಿನ ಸೆಕೆಂಡು ಅದೇ. ಒಂದು ಕಡೆ ಎಣಿಸಬಲ್ಲ ಸೀಸಿಯಂ, ಇನ್ನೊಂದು ಕಡೆ ಎಣಿಕೆಗೆ ಸಿಗದ ಬೆಳಕು. ಮೊದಲು ಇವೆರಡನ್ನು ಜೋಡಿಸಲು ಕೋಣೆಗಟ್ಟಲೆ ಉಪಕರಣಗಳ ಸರಪಳಿ ಬೇಕಾಗಿತ್ತು. ಜಗತ್ತಿನ ಕೆಲವೇ ಪ್ರಯೋಗಾಲಯಗಳಿಗೆ ಅದು ಸಾಧ್ಯವಿತ್ತು.

ಆವೃತ್ತಿ ಬಾಚಣಿಗೆ ಆ ಸರಪಳಿಯನ್ನು ಒಂದು ಮೇಜಿನ ಮೇಲಕ್ಕೆ ಇಳಿಸಿತು. ಅದು ಸೆಕೆಂಡಿಗೆ ಕೋಟಿಗಟ್ಟಲೆ ಅತಿ ಕಿರಿದಾದ ಬೆಳಕಿನ ಮಿಡಿತಗಳನ್ನು ಬಿಡುವ ಲೇಸರ್. ಒಂದೊಂದು ಮಿಡಿತವೂ ಸೆಕೆಂಡಿನ ನೂರು ಲಕ್ಷ ಕೋಟಿಯ ಕೆಲವೇ ಪಾಲಿನಷ್ಟು ಹೊತ್ತು ಇರುತ್ತದೆ. ಇಂಥ ಮಿಡಿತಗಳು ಒಂದೇ ಅಂತರದಲ್ಲಿ ಬರುತ್ತಿದ್ದರೆ, ಅವುಗಳ ರೋಹಿತದಲ್ಲಿ ಲಕ್ಷಾಂತರ ಸಣ್ಣ ಗೆರೆಗಳು ಸಮ ಅಂತರದಲ್ಲಿ ಸಾಲಾಗಿ ನಿಲ್ಲುತ್ತವೆ.

ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆ ಹೋಬಳಿಯಲ್ಲಿ ಒಂದು ಉದ್ದನೆಯ ಬದುವನ್ನು ಕಲ್ಪಿಸಿಕೊಳ್ಳಿ. ಬದುವಿನ ಉದ್ದಕ್ಕೂ ಸಮ ಅಂತರದಲ್ಲಿ ಸರ್ವೆ ಕಲ್ಲು ನೆಟ್ಟಿದ್ದಾರೆ. ಕಲ್ಲಿನಿಂದ ಕಲ್ಲಿಗೆ ಎಷ್ಟು ದೂರ, ಮೊದಲ ಕಲ್ಲು ಊರಿನ ಎಲ್ಲೆಯಿಂದ ಎಷ್ಟು ಒಳಗಿದೆ, ಈ ಎರಡು ಲೆಕ್ಕ ಗೊತ್ತಿದ್ದರೆ ಸಾವಿರದನೆಯ ಕಲ್ಲು ಎಲ್ಲಿದೆ ಎಂದು ಕುಳಿತಲ್ಲೇ ಹೇಳಬಹುದು. ಬದುವಿನ ಮೇಲಿನ ಹುಣಸೆಮರದ ಜಾಗ ಬೇಕೆಂದರೆ ಎಲ್ಲೆಯಿಂದ ಸರಪಳಿ ಹಿಡಿದು ಬರಬೇಕಿಲ್ಲ. ಹತ್ತಿರದ ಕಲ್ಲಿನ ನಂಬರು ನೋಡಿ, ಅಲ್ಲಿಂದ ಮರಕ್ಕೆ ಎಷ್ಟು ಮೊಳ ಎಂದು ಅಳೆದರೆ ಮುಗಿಯಿತು.

ಬಾಚಣಿಗೆಯಲ್ಲಿಯೂ ಬೇಕಾದದ್ದು ಆ ಎರಡು ಲೆಕ್ಕ. ಕಲ್ಲುಗಳ ಅಂತರವೆಂದರೆ ಸೆಕೆಂಡಿಗೆ ಎಷ್ಟು ಮಿಡಿತ ಎಂಬುದು. ಅದನ್ನು ಸೀಸಿಯಂ ಗಡಿಯಾರಕ್ಕೆ ಹೋಲಿಸಿ ನೇರವಾಗಿ ಎಣಿಸಬಹುದು. ಕಷ್ಟವಾದದ್ದು ಮೊದಲ ಕಲ್ಲಿನ ಜಾಗ. ಅದಕ್ಕೊಂದು ಜಾಣ ಉಪಾಯವಿದೆ. ಬಾಚಣಿಗೆಯ ಕೆಂಪು ತುದಿಯ ಒಂದು ಗೆರೆಯನ್ನು ತೆಗೆದುಕೊಂಡು ಅದರ ಆವೃತ್ತಿಯನ್ನು ದ್ವಿಗುಣಗೊಳಿಸುತ್ತಾರೆ. ಆಗ ಕಲ್ಲಿನ ನಂಬರೂ ಎರಡರಷ್ಟಾಗುತ್ತದೆ, ಎಲ್ಲೆಯಿಂದ ಮೊದಲ ಕಲ್ಲಿಗಿದ್ದ ದೂರವೂ ಎರಡು ಸಲ ಸೇರಿಕೊಳ್ಳುತ್ತದೆ. ನೀಲಿ ತುದಿಯಲ್ಲಿ ಎರಡರಷ್ಟು ನಂಬರಿನ ಗೆರೆ ಮೊದಲೇ ಇದೆ, ಅದರಲ್ಲಿ ಆ ದೂರ ಒಂದೇ ಸಲ ಇದೆ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಮೊದಲ ಕಲ್ಲಿನ ದೂರ. ಇದಕ್ಕೆ ಬಾಚಣಿಗೆಯ ನೀಲಿ ತುದಿಯ ಆವೃತ್ತಿ ಕೆಂಪು ತುದಿಯ ಎರಡರಷ್ಟಾದರೂ ಇರಬೇಕು. ಬೆಳಕನ್ನು ಅಷ್ಟು ಅಗಲಕ್ಕೆ ಹರಡುವ ವಿಶೇಷ ಗಾಜಿನ ಎಳೆ 1999ರ ಹೊತ್ತಿಗೆ ಸಿಕ್ಕಿತು. ಮರುವರ್ಷವೇ ಜರ್ಮನಿಯಲ್ಲಿ ತಿಯೊಡೋರ್ ಹೆನ್ಶ್, ಅಮೆರಿಕದಲ್ಲಿ ಜಾನ್ ಹಾಲ್ ಅವರ ಗುಂಪುಗಳು ಪೂರ್ಣ ಬಾಚಣಿಗೆಯನ್ನು ಕಟ್ಟಿದವು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಬ್ರೌನ್‌ಶ್ವೈಗ್‌ನ ಆರ್ಗಾನ್ ಅಯಾನಿಗೆ ತಾಗಿದ ಲೇಸರನ್ನು ಅಳೆದದ್ದು ಇಂಥ ಬಾಚಣಿಗೆಯಿಂದಲೇ. 2022ರಲ್ಲಿ ಅದೇ ತಂಡ ಆ ಅಯಾನನ್ನು ಪೂರ್ಣ ಗಡಿಯಾರವಾಗಿ ನಡೆಸಿ, ಪಕ್ಕದ ಇಟರ್ಬಿಯಂ ಅಯಾನಿನ ಗಡಿಯಾರದೊಂದಿಗೆ ಬಾಚಣಿಗೆಯ ಮೂಲಕ ಹೋಲಿಸಿತು. ಗಡಿಯಾರದ ಅನಿಶ್ಚಿತತೆ ಎಷ್ಟು ಕಡಿಮೆಯೆಂದರೆ, ಸೆಕೆಂಡೊಂದು ಹೆಚ್ಚುಕಡಿಮೆಯಾಗಲು 140 ಕೋಟಿ ವರ್ಷ ಬೇಕು. ಐನ್‌ಸ್ಟೈನ್ ಹೇಳಿದಂತೆ ಎತ್ತರದಲ್ಲಿರುವ ಗಡಿಯಾರ ತುಸು ವೇಗವಾಗಿ ಓಡುತ್ತದೆ. ಈ ಗಡಿಯಾರವನ್ನು ಒಂದು ಗೇಣು ಮೇಲೆತ್ತಿದರೆ ಆಗುವ ವ್ಯತ್ಯಾಸ ಅದರ ಅನಿಶ್ಚಿತತೆಯಷ್ಟೇ ಇರುತ್ತದೆ.

ಇಷ್ಟೆಲ್ಲ ಯಾಕೆ?

ಇಷ್ಟು ಕಷ್ಟಪಟ್ಟು ಎಲೆಕ್ಟ್ರಾನು ಕಿತ್ತ ಅಯಾನನ್ನೇ ಯಾಕೆ ಬಳಸಬೇಕು? ಒಂದು ಕಾರಣ ಹಿಡಿತ. ಉಳಿದ ಎಲೆಕ್ಟ್ರಾನುಗಳು ನ್ಯೂಕ್ಲಿಯಸ್ಸಿಗೆ ಅಷ್ಟು ಬಿಗಿಯಾಗಿ ಅಂಟಿಕೊಂಡಿರುವುದರಿಂದ ಹೊರಗಿನ ವಿದ್ಯುತ್ ಕ್ಷೇತ್ರ, ಸುತ್ತಲಿನ ಶಾಖ ಅವನ್ನು ಅಲುಗಾಡಿಸುವುದು ಕಷ್ಟ. ಕೋಣೆಯ ಹವೆಗೆ ಕದಲದ ಗಡಿಯಾರ ಯಾರಿಗೆ ಬೇಡ?

ಇನ್ನೊಂದು ಕಾರಣ ಇನ್ನೂ ಆಳದ್ದು. ವಿದ್ಯುತ್ತು ಮತ್ತು ಬೆಳಕು ಪರಸ್ಪರ ಎಷ್ಟು ಬಲವಾಗಿ ಬೆಸೆದುಕೊಂಡಿವೆ ಎಂಬುದನ್ನು ಸೂಕ್ಷ್ಮರಚನಾ ಸ್ಥಿರಾಂಕ ಎಂಬ ಸಂಖ್ಯೆ ಹೇಳುತ್ತದೆ. ಅದರ ಬೆಲೆ ಸುಮಾರು 137ರಲ್ಲಿ ಒಂದು ಪಾಲು. ಎಲ್ಲ ಪರಮಾಣುಗಳ ಗಾತ್ರ, ಎಲ್ಲ ಬೆಳಕಿನ ಗೆರೆಗಳ ಜಾಗ ಇದನ್ನು ಅವಲಂಬಿಸಿವೆ. ಇದು ನಿಜಕ್ಕೂ ಸ್ಥಿರವೇ, ಕಾಲ ಕಳೆದಂತೆ ಕೂದಲೆಳೆಯಷ್ಟಾದರೂ ಬದಲಾಗುತ್ತಿದೆಯೇ? ಬದಲಾಗುತ್ತಿದ್ದರೆ ಎರಡು ಬೇರೆ ಬಗೆಯ ಗಡಿಯಾರಗಳ ನಡುವಿನ ಅನುಪಾತ ನಿಧಾನವಾಗಿ ಸರಿಯಬೇಕು. ಕೆಲವು ಅತಿ ಆವಿಷ್ಟ ಅಯಾನುಗಳು ಇಂಥ ಬದಲಾವಣೆಗೆ ಉಳಿದೆಲ್ಲಕ್ಕಿಂತ ಹೆಚ್ಚು ಸ್ಪಂದಿಸುತ್ತವೆ ಎಂದು 2010ರಲ್ಲಿ ಆಸ್ಟ್ರೇಲಿಯಾದ ಬೆರೆಂಗುಟ್, ಜೂಬಾ, ಫ್ಲಾಂಬಾಮ್ ಲೆಕ್ಕ ಹಾಕಿ ತೋರಿಸಿದರು. ಇರಿಡಿಯಂ, ಪ್ರೇಸಿಯೋಡೈಮಿಯಂ, ಕ್ಯಾಲಿಫೋರ್ನಿಯಂ ಅಯಾನುಗಳ ಹುಡುಕಾಟ ನಡೆದಿರುವುದು ಇದಕ್ಕಾಗಿಯೇ.

ಮುಂದಿನ ಹೆಜ್ಜೆ ಕಣ್ಣಿಗೆ ಕಾಣದ ಬೆಳಕಿನಲ್ಲಿದೆ. ಎಲೆಕ್ಟ್ರಾನು ಹೆಚ್ಚುಹೆಚ್ಚು ಹೋದಂತೆ ಅಯಾನುಗಳ ಬಹುತೇಕ ಗೆರೆಗಳು ಅತಿನೇರಳೆಯ ಆಚೆಗೆ, ಎಕ್ಸ್-ಕಿರಣದವರೆಗೆ ಸರಿಯುತ್ತವೆ. ಅಲ್ಲಿ ಸಾಮಾನ್ಯ ಲೇಸರಿಲ್ಲ. ಹೈಡೆಲ್‌ಬರ್ಗ್‌ನಲ್ಲಿ ಅವಕೆಂಪು ಬಾಚಣಿಗೆಯ ಬೆಳಕನ್ನು ಕನ್ನಡಿಗಳ ನಡುವೆ ತಿರುಗಿಸಿ ಬಲಗೊಳಿಸಿ, ಅನಿಲದ ಸಣ್ಣ ಚಿಲುಮೆಯ ಮೇಲೆ ಬಿಡುತ್ತಾರೆ. ಅಲ್ಲಿ ಮೂಲ ಆವೃತ್ತಿಯ ಹತ್ತಾರು ಪಟ್ಟು ಆವೃತ್ತಿಯ ಬೆಳಕು ಹುಟ್ಟುತ್ತದೆ, ಅದೂ ಬಾಚಣಿಗೆಯಾಗಿಯೇ. ಇದೇ ಬಗೆಯ ಬಾಚಣಿಗೆಯಿಂದ ಅಮೆರಿಕದ ಕೊಲರಾಡೊದಲ್ಲಿ ಜುನ್ ಯೆ ಅವರ ತಂಡ 2024ರಲ್ಲಿ ಥೋರಿಯಂ-229 ನ್ಯೂಕ್ಲಿಯಸ್ಸಿನ ಜಿಗಿತವನ್ನೇ ಅಳೆಯಿತು. ಸರ್ವೆ ಈಗ ಎಲೆಕ್ಟ್ರಾನುಗಳನ್ನು ದಾಟಿ ನ್ಯೂಕ್ಲಿಯಸ್ಸಿನ ಎಲ್ಲೆಗೆ ಬಂದಿದೆ.

ಬೆಂಗಳೂರಿನ ಮೇಜುಗಳು

ನಮ್ಮಲ್ಲಿ ಏನಿದೆ? ಅಯಾನನ್ನು ಹಿಡಿಯುವ ವಿದ್ಯೆ ಇದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಾದಿಕ್ ರಂಗವಾಲಾ ಅವರ ತಂಡ, ಬಲೆಯಲ್ಲಿರುವ ಅಯಾನುಗಳನ್ನು ಅದೇ ಜಾಗದಲ್ಲಿ ತಣಿಸಿಟ್ಟ ಪರಮಾಣುಗಳ ಡಿಕ್ಕಿಯಿಂದಲೇ ತಣ್ಣಗಾಗಿಸಬಹುದೆಂದು 2012ರಲ್ಲಿ ತೋರಿಸಿತು. ಆ ಪ್ರಬಂಧದ ಸಹಲೇಖಕರಲ್ಲಿ ಒಬ್ಬರು ಜರ್ಮನಿಯ ಮೈನ್ಸ್‌ನ ಗುಂಟರ್ ವೆರ್ತ್. ಐದು ಎಲೆಕ್ಟ್ರಾನು ಕಿತ್ತ ಒಂದೇ ಇಂಗಾಲದ ಅಯಾನನ್ನು ಬಲೆಯಲ್ಲಿಟ್ಟು, ಉಳಿದ ಒಂಟಿ ಎಲೆಕ್ಟ್ರಾನಿನ ಕಾಂತಗುಣವನ್ನು ಅತಿ ನಿಖರವಾಗಿ ಅಳೆದ ಮೈನ್ಸ್ ಪ್ರಯೋಗಗಳಲ್ಲಿ ಅವರದ್ದು ದೊಡ್ಡ ಪಾಲು.

ಲೇಸರಿನಿಂದ ಅಳೆಯುವ ವಿದ್ಯೆಯೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಸಂತ ನಟರಾಜನ್ ಅವರ ಗುಂಪು ರುಬಿಡಿಯಂ ಗೆರೆಗೆ ಹೊಂದಿಸಿದ ಲೇಸರನ್ನು ಆಧಾರವಾಗಿಟ್ಟುಕೊಂಡು, ಕನ್ನಡಿಗಳ ಉಂಗುರದಂಥ ಸಾಧನವೊಂದರಿಂದ ರುಬಿಡಿಯಂ, ಸೀಸಿಯಂ, ಇಟರ್ಬಿಯಂಗಳ ಗೆರೆಗಳನ್ನು ಅಳೆಯಿತು. 2006ರಲ್ಲಿ ಅವರು ಅಳತೆ ಪ್ರಕಟಿಸಿದ ಸೀಸಿಯಂನ ಡಿ1 ಗೆರೆಯನ್ನು ಹೆನ್ಶ್ ತಂಡ 1999ರಲ್ಲಿ ತನ್ನ ಮಿಡಿತದ ಲೇಸರಿನ ಮೊದಲ ಪ್ರಯೋಗಗಳಲ್ಲೇ ಅಳೆದಿತ್ತು. ಸೂಕ್ಷ್ಮರಚನಾ ಸ್ಥಿರಾಂಕವನ್ನು ಕಂಡುಕೊಳ್ಳುವ ಒಂದು ದಾರಿ ಆ ಗೆರೆಯ ಮೂಲಕವೇ ಹೋಗುತ್ತದೆ. ನಮ್ಮವರು ಅದಕ್ಕೆ ಬಾಚಣಿಗೆಯನ್ನು ಕಾಯದೆ ಬೇರೆ ದಾರಿ ಹುಡುಕಿಕೊಂಡರು.

ಲೆಕ್ಕದ ವಿದ್ಯೆಯೂ ಇದೆ. ಅತಿ ಆವಿಷ್ಟ ಅಯಾನಿನ ಸಣ್ಣ ಗೆರೆ ಎಲ್ಲಿ ಸಿಗಬಹುದು ಎಂದು ಮೊದಲೇ ಅಂದಾಜಿರದಿದ್ದರೆ ಲೇಸರ್ ಹಿಡಿದು ವರ್ಷಗಟ್ಟಲೆ ಹುಡುಕಬೇಕಾಗುತ್ತದೆ. ಭಾರವಾದ ಪರಮಾಣುಗಳಲ್ಲಿ ಎಲೆಕ್ಟ್ರಾನುಗಳು ಬೆಳಕಿನ ವೇಗಕ್ಕೆ ಹತ್ತಿರವಾಗಿ ಓಡುವುದರಿಂದ ಆ ಲೆಕ್ಕ ಕಠಿಣ. ಖಭೌತ ಸಂಸ್ಥೆಯಲ್ಲಿ ಬಿ.ಪಿ. ದಾಸ್ ಕಟ್ಟಿದ ಗುಂಪು ಇಂಥ ಲೆಕ್ಕಗಳಿಗೆ ಹೆಸರಾದದ್ದು.

ಈ ಅಳತೆಯ ವಿದ್ಯೆ ಊರಿನ ಬದುಕಿಗೆ ತಾಗದ ವಿಷಯವೇನಲ್ಲ. ಜಮೀನಿನ 11ಇ ಸರ್ವೆ ನಕ್ಷೆಗೆ ಅರ್ಜಿ ಹಾಕಿದವರ ಹೊಲಕ್ಕೆ ಈಗ ಭೂಮಾಪಕರು ಸರಪಳಿಯ ಬದಲು ರೋವರ್ ಎಂಬ ಸಾಧನ ಹಿಡಿದು ಬರತೊಡಗಿದ್ದಾರೆ. ರೋವರ್ ತನ್ನ ಜಾಗವನ್ನು ತಿಳಿಯುವುದು ಉಪಗ್ರಹಗಳ ಸಂಕೇತ ಬಂದು ಮುಟ್ಟಲು ಹಿಡಿದ ಹೊತ್ತಿನಿಂದ. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ ಒಂದು ಅಡಿ ಹೋಗುತ್ತದೆ. ಅಂದಮೇಲೆ ಬದುವಿನ ಅಳತೆಯ ತಳದಲ್ಲಿರುವುದು ಪರಮಾಣು ಗಡಿಯಾರ. ಭಾರತದ ಸ್ವಂತ ಸ್ಥಾನಸೂಚಕ ವ್ಯವಸ್ಥೆಯಾದ ನಾವಿಕ್‌ನ ಮೊದಲ ಉಪಗ್ರಹದಲ್ಲಿದ್ದ ಮೂರೂ ವಿದೇಶಿ ರುಬಿಡಿಯಂ ಗಡಿಯಾರಗಳು 2016ರಲ್ಲಿ ಕೈಕೊಟ್ಟಾಗ ಇದರ ಬೆಲೆ ಗೊತ್ತಾಯಿತು. ಇಸ್ರೋ ಸ್ವಂತ ರುಬಿಡಿಯಂ ಗಡಿಯಾರ ಮಾಡಿ, 2023ರ ಮೇ 29ರಂದು ಹಾರಿಸಿದ ಎನ್‌ವಿಎಸ್-01 ಉಪಗ್ರಹದಲ್ಲಿ ಇಟ್ಟಿತು. ಇಂದಿನ ಪ್ರಯೋಗಾಲಯದ ಅಯಾನು ಗಡಿಯಾರ ನಾಳೆಯೇ ಉಪಗ್ರಹ ಏರುವುದಿಲ್ಲ. ಆದರೆ ರುಬಿಡಿಯಂ ಗಡಿಯಾರವೂ ಒಂದು ಕಾಲಕ್ಕೆ ಪ್ರಯೋಗಾಲಯದ ಮೇಜಿನ ಮೇಲೇ ಇತ್ತು.

ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರಡಿ ಕ್ವಾಂಟಂ ಕಂಪ್ಯೂಟರಿನ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಳತೆ ಮತ್ತು ಸಂವೇದನೆಯ ಕೇಂದ್ರ ಮುಂಬೈನ ಐಐಟಿಗೆ ಬಂದಿವೆ. ಕಂಪ್ಯೂಟರಿನ ಮಾತು ಪತ್ರಿಕೆಗಳ ತುಂಬ ಇದೆ, ಅಳತೆಯ ಮಾತು ವಿರಳ. ಕರ್ನಾಟಕದಲ್ಲಿ ಸೂರ್ಯನ ಅಯಾನುಗಳನ್ನು ನೋಡುವ ದೃಗ್ವಿಜ್ಞಾನ ಹೊಸಕೋಟೆಯಲ್ಲಿ, ಅಯಾನು ಬಲೆ ಸದಾಶಿವನಗರದಲ್ಲಿ, ಸಿದ್ಧಾಂತ ಕೋರಮಂಗಲದಲ್ಲಿ, ಲೇಸರ್ ಮಾಪನದ ಅನುಭವ ಮಲ್ಲೇಶ್ವರದ ಪಕ್ಕದಲ್ಲಿ ಹರಡಿಕೊಂಡಿವೆ. ಇವನ್ನು ಕೂಡಿಸಿ ಎಲೆಕ್ಟ್ರಾನು ಕಿರಣದ ಒಂದು ಅಯಾನು ಯಂತ್ರ, ಒಂದು ಬಾಚಣಿಗೆ, ತಂಪು ಬಲೆಯೊಂದನ್ನು ಒಂದೇ ಸೂರಿನಡಿ ತರುವ ಯೋಜನೆ ಬೇಕು. ಮಿಷನ್ನಿನ ಅವಧಿ ಮುಗಿಯುವುದು 2030–31ಕ್ಕೆ. ಅಳತೆಯ ವಿಜ್ಞಾನಕ್ಕೆ ನಮ್ಮ ರಾಜ್ಯದ ಪಾಲು ಎಷ್ಟು ಎಂದು ವಿಜ್ಞಾನಿಗಳೂ ಜನಪ್ರತಿನಿಧಿಗಳೂ ಈಗಲೇ ಕೇಳಲಿ.